ವಾಲ್ಟ್‌ಗೆ ಕನ್ನಡ ಪದ: ಫಲಕಕ್ಕೆ, ಇವತ್ತು ಸಂಜೆಯೊಳಗೆ

ಬಲ್ಲವರಿಗೆ ನಮಸ್ಕಾರ. ಚಿಕ್ಕಬಳ್ಳಾಪುರದ ಪ್ರದರ್ಶನವೊಂದಕ್ಕೆ ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ಫಲಕ. ಅಗಲ 6 ಅಡಿ, ತಲೆಬರಹ ಒಂದೇ ಸಾಲು. ಅಲ್ಲಿ ದೇವರ ಒಡವೆ ಇಟ್ಟಿರೋ ಬೀಗದ ಕೋಣೆಗಳಿಗೆ ಇಂಗ್ಲಿಷಿನಲ್ಲಿ ‘ವಾಲ್ಟ್’ ಅಂತಾರೆ; 2011ರ ಜೂನ್ ಕೊನೆಗೆ ‘ವಾಲ್ಟ್ ಎ’ ತೆರೆದರು, ‘ಬಿ’ ತೆರೆಯಲಿಲ್ಲ ಅನ್ನೋ ವಿಷಯ. ಸದ್ಯಕ್ಕೆ ‘ನಿಧಿ ಕೋಣೆ’ ಅಂತ ಹಾಕಿದೆ. ಐದು ಗಂಟೆಗೆ ಅಚ್ಚಿಗೆ ಹೋಗುತ್ತೆ.

ತುಮಕೂರಿನಿಂದ:
> ನಿಧಿ ಕೋಣೆ

ತೆಗೆಯಿರಿ. ದಾನಶಾಸನಗಳ ಅಷ್ಟಭೋಗದಲ್ಲಿ, ಅಂದರೆ ದಾನದ ನೆಲದ ಮೇಲಿನ ಎಂಟು ಹಕ್ಕುಗಳ ಪಟ್ಟಿಯಲ್ಲಿ, ‘ನಿಧಿ ನಿಕ್ಷೇಪ ಜಲ ಪಾಷಾಣ’ ಅಂತ ಶುರುವಾಗುತ್ತಲ್ಲ, ಆ ನಿಧಿ ನೆಲ ಅಗೆದಾಗ ಸಿಕ್ಕಿದ್ದು. 1878ರ ನಿಧಿ ಕಾಯಿದೆಯ ಪ್ರಕಾರವೂ ಹೂತಿಟ್ಟದ್ದು ಸಿಕ್ಕಿ, ಬೆಲೆ 10 ರೂಪಾಯಿ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕು. ಇಲ್ಲಿರೋದು ದೇವರ ಸೊತ್ತು, ಬೀಗ ಹಾಕಿ ಇಟ್ಟದ್ದು. ಮತಿಲಕಂ ಅನ್ನೋ ತಾಳೆಗರಿ ದಾಖಲೆಗಳೂ ಆ ದೇವಸ್ಥಾನಕ್ಕಿವೆ. ಹಾಗಾಗಿ ‘ನಿಕ್ಷೇಪ’ ಅನ್ನಿ, ಅಂದರೆ ಜೋಪಾನವಾಗಿ ಇಟ್ಟ ಸೊತ್ತು.

ಕೋಲಾರದಿಂದ:
ನಮ್ಮ ಕಡೆ ನಿಕ್ಷೇಪ ಅಂದರೆ ಕೆಜಿಎಫ್! ಓದುವವರು ದೇವಸ್ಥಾನದ ಕೆಳಗೆ ಗಣಿ ಇದೆ ಅಂದುಕೊಳ್ಳುತ್ತಾರೆ. ವಾಲ್ಟ್‌ಗೆ ಮಲಯಾಳದವರು ‘ನಿಲವರ’, ‘ಕಲ್ಲರ’ ಅಂತಾರೆ. ನಿಲವರಕ್ಕೆ ನಮ್ಮ ‘ನೆಲಮಾಳಿಗೆ’ ಸರಿಹೊಂದುತ್ತೆ. ಎ ಕೋಣೆಯಲ್ಲಿ ನೆಲಕ್ಕೆ ಹಾಸಿದ್ದ ಕಲ್ಲುಚಪ್ಪಡಿ ಎಬ್ಬಿಸಿ ಮೆಟ್ಟಿಲಿಳಿದೇ ಹೋದದ್ದು.

ಮಧುಗಿರಿಯಿಂದ:
ನೆಲಮಾಳಿಗೆ ಅಂದರೆ ಈಗ ಕಾರು ನಿಲ್ಲಿಸೋ ಜಾಗ. ‘ಕಲ್ಲರೆ’ ಅಂತಲೇ ಬರೆಯಬಹುದಲ್ಲ, ದ್ರಾವಿಡ ಪದ. ಇಲ್ಲವೇ ‘ಹೊನ್ನಗವಿ’.

ಕೋಲಾರದಿಂದ:
ಮಲಯಾಳದ ಅರ ಕೋಣೆ, ಕನ್ನಡದ ಅರೆ ಬಂಡೆ. ಕಲ್ಲರೆ ಅಂದರೆ ಕಲ್ಲಿನ ಬಂಡೆ ಆಯಿತು. ಗವಿ ಸಿದ್ಧರಬೆಟ್ಟಕ್ಕಿರಲಿ.

ಶಿರಾದಿಂದ:
ಇಷ್ಟೆಲ್ಲ ಯಾಕೆ, ‘ಖಜಾನೆ’ ಅಂತ ಹಾಕಿ. ಒತ್ತಕ್ಷರ ಇಲ್ಲ, ದೂರದಿಂದ ಓದಬಹುದು.

ಮಧುಗಿರಿಯಿಂದ:
ದೇವರ ಒಡವೆಗೆ ಅರಬ್ಬಿ ಪದವೇ? ಇನ್ನೇನು ಬಾಕಿ.

ಶಿರಾದಿಂದ:
ಮೇಲುಕೋಟೆಯ ದೇವರ ವೈರಮುಡಿ ಕಿರೀಟ ವರ್ಷವಿಡೀ ಇರೋದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಚೆಲುವನಾರಾಯಣನ ತಕರಾರೇನೂ ಬಂದಿಲ್ಲ. ಹೊರಗಿನಿಂದ ಬಂದ ಪದ ಬಿಟ್ಟರೆ ನಿಮ್ಮ ಪತ್ರದಲ್ಲೇ ಎಷ್ಟು ಪದ ಉಳಿಯುತ್ತೆ ನೋಡಿಕೊಳ್ಳಿ.

ತುಮಕೂರಿನಿಂದ:
ಜಗಳ ಆಮೇಲೆ. ಖಜಾನೆ ಅಂದರೆ ಸರಕಾರದ್ದು, ಚೆಲನ್ ಕಟ್ಟೋ ಜಾಗ. ಉಗ್ರಾಣ ಅಂದರೆ ಅಕ್ಕಿಬೇಳೆ. ದೇವಸ್ಥಾನದ ಒಡವೆ-ವಸ್ತ್ರಕ್ಕೆ ಭಂಡಾರವೇ ಸರಿ. ಮಲಯಾಳದವರ ‘ಪಂಡಾರ’ವೂ ಅದೇ ಭಾಂಡಾಗಾರದಿಂದ ಬಂದದ್ದು. ನಿಕ್ಷೇಪ ವಾಪಸ್ ತೆಗೆದುಕೊಂಡೆ. ತಲೆಬರಹಕ್ಕೆ ‘ಭಂಡಾರದ ನೆಲಮಾಳಿಗೆಗಳು’, ಒಳಗೆ ‘ನೆಲಮಾಳಿಗೆ ಎ’, ‘ನೆಲಮಾಳಿಗೆ ಬಿ’. ಫಲಕದ ಬರಹವನ್ನು ‘ನುಡಿ’ ತಂತ್ರಾಂಶದ ಅಕ್ಷರದಿಂದ ಯುನಿಕೋಡಿಗೆ ಬದಲಿಸಿದ್ದರೆ ‘ಗರ್ಭಗುಡಿ’ಯಂಥ ಪದಗಳ ಅರ್ಕಾವತ್ತು (ರ್ ಗುರುತು) ಒಮ್ಮೆ ನೋಡಿಬಿಡಿ, ಪಕ್ಕದ ಅಕ್ಷರಕ್ಕೆ ಹಾರಿರುತ್ತೆ.

ಮಧುಗಿರಿಯಿಂದ:
ಆಗಲಿ. ಆದರೆ ಮಹಾಪ್ರಾಣ ಬೇಡ, ‘ಬಂಡಾರ’ ಅಂತ ಬರೆಯಿರಿ.

ಕೋಲಾರದಿಂದ:
ಬಂಡಾರ ಅಂದರೆ ಮೈಲಾರಲಿಂಗನ ಅರಿಶಿನ. ‘ಭ’ ಇರಲಿ, ಅಚ್ಚಿಗೆ ಕಳಿಸಿ.