ಸಹಾಯ ಬೇಕು: ಮರದ ದೋಣಿಗೆ ಹಚ್ಚಲು ಮೀನೆಣ್ಣೆ

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಕಡೆ ನಮ್ಮದೊಂದು ಹಳೇ ಪಾತಿ ದೋಣಿ ಇದೆ. ತುಂಬಾ ದಿನ ಶೆಡ್‌ನಲ್ಲೇ ಇದ್ದು ಮರ ಒಣಗಿದೆ, ಅಲ್ಲಲ್ಲಿ ಸಣ್ಣ ಬಿರುಕು. ಮತ್ತೆ ಹೊಳೆಗೆ ಇಳಿಸುವ ಆಸೆ.

ಅಜ್ಜ ಇದಕ್ಕೆ ತಾಟೆ ಮೀನಿನ, ಅಂದರೆ ಶಾರ್ಕಿನ, ಲಿವರ್ ಎಣ್ಣೆ ಹಚ್ಚುತ್ತಿದ್ದರು. ಲಿವರನ್ನು ನೀರಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಸೋಸಿ ಇಟ್ಟುಕೊಳ್ಳುವುದು. ಮರಕ್ಕೆ ನೀರು ಹಿಡಿಯುತ್ತಿರಲಿಲ್ಲ. ವಾಸನೆ ಮಾತ್ರ ಕೇಳಬೇಡಿ! ಈಗ ಆ ಎಣ್ಣೆ ಹುಡುಕುವುದಕ್ಕೂ ಹಿಂಜರಿಕೆ. ಗುಜರಾತಿನಲ್ಲಿ ದೋಣಿಗೆ ಹಚ್ಚುವ ಎಣ್ಣೆಗಾಗಿಯೂ ಹಿಡಿಯುತ್ತಿದ್ದ ತಿಮಿಂಗಿಲ ಶಾರ್ಕಿಗೆ 2001ರಿಂದ ಕಾನೂನಿನ ರಕ್ಷಣೆ ಇದೆ. ಇನ್ನೂ ಕೆಲವು ಶಾರ್ಕ್‌ಗಳಿಗೂ ಇದೆ. ಯಾವ ಮೀನಿನದು ಅಂತ ಗೊತ್ತಿಲ್ಲದ ಎಣ್ಣೆ ಸುಮ್ನೆ ಯಾಕೆ ಬೇಕು, ಅಲ್ವಾ?

ಮೆಡಿಕಲ್ ಶಾಪಿನ ಕಾಡ್ ಲಿವರ್ ಎಣ್ಣೆ ಹಚ್ಚು ಅಂತ ಒಬ್ಬರು ಹೇಳಿದರು. ಅದು ವಿಟಮಿನ್ ಎ, ಡಿಗಾಗಿ ಕುಡಿಯುವಂಥದ್ದು. ಇಡೀ ದೋಣಿಗೆ ಹಚ್ಚಿದರೆ ಮನೆ ಮಾರಬೇಕಾದೀತು.

ಹಾಗಾಗಿ ಬೂತಾಯಿ ಎಣ್ಣೆ ನೋಡುತ್ತಿದ್ದೇನೆ. ಇದು ಲಿವರಿನದಲ್ಲ, ಇಡೀ ಮೀನಿನದು. ಮಲ್ಪೆ, ಗಂಗೊಳ್ಳಿ ಕಡೆ ಚಿಲ್ಲರೆಯಾಗಿ ಐದಾರು ಲೀಟರ್ ಕೊಡುವವರು ಇದ್ದಾರಾ? ಗೇರುಬೀಜದ ಸಿಪ್ಪೆಯ ಎಣ್ಣೆ ಬೆರೆಸಿದರೆ ಜಾಸ್ತಿ ಬಾಳಿಕೆ ಬರುತ್ತದೆಯೇ? ಎಷ್ಟಕ್ಕೆ ಎಷ್ಟು? ಬಿರುಕು ತುಂಬುವುದು ಎಣ್ಣೆಗೆ ಮೊದಲೋ ಆಮೇಲೋ? ಸ್ವತಃ ಹಚ್ಚಿ ಗೊತ್ತಿರುವವರು ದಯವಿಟ್ಟು ಹೇಳಿ. ಫೈಬರ್ ದೋಣಿ ತಗೋ ಅನ್ನುವ ಸಲಹೆ ಈಗಾಗಲೇ ಮನೆಯಲ್ಲಿ ಸಿಕ್ಕಿದೆ.