ಬಯಲೂಟದಲ್ಲಿ ಪಾನಕ, ಮಜ್ಜಿಗೆ ಸಂಜೆಯವರೆಗೆ ತಣ್ಣಗಿರುವುದು ಹೇಗೆ?

ಪ್ರಶ್ನೆ: ಏಪ್ರಿಲ್‌ನಲ್ಲಿ ಧಾರವಾಡದ ಕೆಲಗೇರಿ ಕಡೆಯ ಮಾವಿನ ತೋಟವೊಂದರಲ್ಲಿ ನಲವತ್ತು ಜನರ ಊಟ ಇಟ್ಟುಕೊಂಡಿದ್ದೇವೆ. ಕಳೆದ ವರ್ಷ ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟ ಮಂಜುಗಡ್ಡೆ ಮಧ್ಯಾಹ್ನಕ್ಕೇ ಕರಗಿತು. ಮಜ್ಜಿಗೆಗೆ ಹಾಕಿದ್ದಂತೂ ಅದನ್ನು ನೀರಾಗಿಸಿತು. ಬಲ್ಲವರು ತಿಳಿಸಬೇಕು.

ಉತ್ತರ 1: ಪಾನೀಯಗಳನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ತಣಿಸಿ ಒಯ್ಯಿರಿ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖ ಸುಮಾರು ನಾಲ್ಕು ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿಸಬಲ್ಲದು. ಬಿಸಿ ಬಾಟಲಿಗಳನ್ನು ತಣಿಸುವುದರಲ್ಲೇ ಆ ಶಕ್ತಿ ಮುಗಿದರೆ ಸಂಜೆಗೆ ಏನು ಉಳಿದೀತು? ಕರಗಿದ ನೀರನ್ನು ಚೆಲ್ಲಬೇಡಿ, ಏಕೆಂದರೆ ಗಡ್ಡೆಗಳ ನಡುವಿನ ಗಾಳಿಗಿಂತ ತಣ್ಣೀರು ಬಾಟಲಿಯನ್ನು ಸುತ್ತಲೂ ಚೆನ್ನಾಗಿ ತಣಿಸುತ್ತದೆ. ಬುಟ್ಟಿಗೆ ಗೋಣಿಚೀಲ ಹೊದಿಸಿ ನೆರಳಿನಲ್ಲಿಡಿ. ಕಾರ್ಖಾನೆಯ ಮಂಜುಗಡ್ಡೆಯನ್ನು ಮಾತ್ರ ಲೋಟಕ್ಕೆ ಹಾಕಬೇಡಿ.

ಉತ್ತರ 2: ಕುಡಿಯುವ ನೀರಿಗೆ ಮಂಜುಗಡ್ಡೆಯೇ ಬೇಡ. ಮಣ್ಣಿನ ಹರವಿಯ ಹೊರಮೈಯಲ್ಲಿ ಜಿನುಗುವ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಒಯ್ಯುತ್ತದೆ. ನಮ್ಮ ಬೇಸಿಗೆಯ ಒಣಗಾಳಿಗೆ ಇದು ಚೆನ್ನಾಗಿ ಒಪ್ಪುತ್ತದೆ, ಮಳೆಗಾಲದಲ್ಲಿ ಅಷ್ಟಿಲ್ಲ. ಹೊಸ ಹರವಿಯನ್ನು ಒಂದು ರಾತ್ರಿ ನೆನೆಸಿ, ಗಾಳಿ ಆಡುವ ಕಡೆ ಇಡಿ. ಮಜ್ಜಿಗೆಯನ್ನು ಅದರಲ್ಲಿ ತುಂಬಬೇಡಿ, ಹುಳಿ ವಾಸನೆ ಮಣ್ಣಿಗೆ ಹಿಡಿಯುತ್ತದೆ.

ಪ್ರಶ್ನಿಸಿದವರು: ಧನ್ಯವಾದಗಳು. ಮಜ್ಜಿಗೆ ಸ್ಟೀಲ್ ಕ್ಯಾನಿನಲ್ಲಿ, ನೀರು ಹರವಿಯಲ್ಲಿ ಎಂದು ತೀರ್ಮಾನಿಸಿದೆವು.