ಒಂದೇ ಬಾಟಲಿಯಲ್ಲಿ ಬೆಳೆದ ಬ್ಯಾಕ್ಟೀರಿಯಾ: ರಕ್ತದ್ದೋ, ಚರ್ಮದ್ದೋ?

ಪ್ರಶ್ನೆ (ಡ್ಯೂಟಿ ಡಾಕ್ಟರ್, ತೀರ್ಥಹಳ್ಳಿ ಕಡೆ):
ಅಡಿಕೆ ತೋಟದಲ್ಲಿ ದುಡಿಯುವ ಹಿರಿಯರೊಬ್ಬರು ಚಳಿಜ್ವರದಿಂದ ದಾಖಲಾಗಿದ್ದಾರೆ. ಎರಡು ಕೈಗಳಿಂದ ತೆಗೆದ ಎರಡು ಸೆಟ್ ಬ್ಲಡ್ ಕಲ್ಚರ್‌ಗಳಲ್ಲಿ (ರಕ್ತವನ್ನು ಬಾಟಲಿಗಳಲ್ಲಿಟ್ಟು ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಒಂದರ ಒಂದೇ ಬಾಟಲಿಯಲ್ಲಿ, ಅದೂ 40 ಗಂಟೆಗಳ ನಂತರ, ಕೋಆಗ್ಯುಲೇಸ್ ನೆಗೆಟಿವ್ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ. ಜ್ವರ ಇಳಿಯುತ್ತಿದೆ, ಬಿ.ಪಿ. ಸರಿಯಾಗಿದೆ. ಮನೆಯವರು ಮಾತ್ರ ವರದಿ ಹಿಡಿದು, "ರಕ್ತಕ್ಕೇ ನಂಜು ಏರಿದೆಯಂತಲ್ಲ ಡಾಕ್ಟ್ರೇ" ಎಂದು ಕಂಗಾಲಾಗಿದ್ದಾರೆ. ವ್ಯಾಂಕೊಮೈಸಿನ್ ಆ್ಯಂಟಿಬಯಾಟಿಕ್ ಆರಂಭಿಸಬೇಕೇ?

ಉತ್ತರ 1 (ಮೈಕ್ರೋಬಯಾಲಜಿ, ಶಿವಮೊಗ್ಗ):
ಮೇಡಂ, ನೀವು ಹೇಳಿದ ಮಟ್ಟಿಗೆ ಇದು ಚರ್ಮದಿಂದ ಬಾಟಲಿಗೆ ಸೇರಿದ್ದೆಂದೇ ತೋರುತ್ತದೆ. ಈ ಜೀವಿ ಎಲ್ಲರ ಚರ್ಮದ ಮೇಲೂ ಇರುತ್ತದೆ. ನಿಜವಾದ ಸೋಂಕಾಗಿದ್ದರೆ ಸಾಮಾನ್ಯವಾಗಿ ಎರಡೂ ಸೆಟ್‌ಗಳಲ್ಲಿ, ಬಹಳಷ್ಟು ಸಲ 24 ಗಂಟೆಗಳೊಳಗೇ ಬೆಳೆಯುತ್ತದೆ. ಆದರೆ ರೋಗಿಗೆ ಡಯಾಲಿಸಿಸ್ ಕ್ಯಾತಿಟರ್, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ನಳಿಕೆ) ಅಥವಾ ಕೃತಕ ಹೃದಯ ಕವಾಟ ಇದ್ದರೆ ಇದೇ ಜೀವಿ ನಿಜವಾದ ಸೋಂಕಿಗೆ ಕಾರಣವಾಗುವುದರಿಂದ, ಅದನ್ನು ವಿಚಾರಿಸದೆ ವರದಿಯನ್ನು ಬದಿಗಿಡಬೇಡಿ. ಇವು ಯಾವುವೂ ಇಲ್ಲದಿದ್ದರೆ ಮತ್ತೆ ಎರಡು ಸೆಟ್ ಕಳಿಸಿ ಕಾಯಬಹುದು. ಅನಗತ್ಯ ವ್ಯಾಂಕೊಮೈಸಿನ್ ವಯಸ್ಸಾದವರ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಸ್ಟೆಫಿಲೊಕಾಕಸ್ ಆರಿಯಸ್, ಇ. ಕೊಲೈ, ಕ್ಯಾಂಡಿಡಾ ಇವುಗಳ ಮಾತು ಬೇರೆ. ಒಂದೇ ಬಾಟಲಿಯಲ್ಲಿ ಬಂದರೂ ಅವನ್ನು ನಿಜವೆಂದೇ ನಡೆಸಿಕೊಳ್ಳಬೇಕು.

ಉತ್ತರ 2 (ಸ್ಟಾಫ್ ನರ್ಸ್, ಸಾಗರ):
ಮರುಪರೀಕ್ಷೆಗೆ ರಕ್ತ ತೆಗೆಯುವಾಗ ಹಾಕಿಟ್ಟ ಕ್ಯಾನ್ಯುಲಾದಿಂದ ತೆಗೆಯಬೇಡಿ, ಹೊಸದಾಗಿ ಚುಚ್ಚಿ. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ಹಚ್ಚಿ ಪೂರ್ತಿ ಒಣಗಲು ಬಿಡಬೇಕು. ನಮ್ಮ ಮಳೆಗಾಲದ ಥಂಡಿಯಲ್ಲಿ ಅದು ಬೇಗ ಆರುವುದಿಲ್ಲ. ಒಣಗುವಷ್ಟರಲ್ಲಿ ನರ ಸಿಗದೆ, ಗ್ಲೌಸ್ ಹಾಕಿದ ಬೆರಳಿನಿಂದ ಅದೇ ಜಾಗವನ್ನು ಇನ್ನೊಮ್ಮೆ ಒತ್ತಿ ನೋಡುತ್ತೇವಲ್ಲ, ಕೆಡುವುದು ಅಲ್ಲಿಯೇ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಿ, ವಯಸ್ಕರಿಗೆ ಬಾಟಲಿಯೊಂದಕ್ಕೆ 8ರಿಂದ 10 ಮಿ.ಲೀ. ರಕ್ತ ಹಾಕಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಲೈನ್, ಕವಾಟ ಯಾವುದೂ ಇಲ್ಲ. ಸಕ್ಕರೆ ಕಾಯಿಲೆ ಇದೆ. ವ್ಯಾಂಕೊಮೈಸಿನ್ ತಡೆಹಿಡಿದು, ಮತ್ತೆರಡು ಸೆಟ್ ಕಳಿಸುತ್ತಿದ್ದೇನೆ.

ಉತ್ತರ 3 (ಫಿಜಿಶಿಯನ್, ಶಿವಮೊಗ್ಗ):
ಸಕ್ಕರೆ ಕಾಯಿಲೆ ಎಂದಿರಿ, ಆದ್ದರಿಂದ ಒಂದು ಮಾತು. ಕೆಸರು ಮಣ್ಣಿನಲ್ಲಿ ದುಡಿಯುವ ಇಂಥವರಿಗೆ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಎಂಬ, ಮಣ್ಣು-ನೀರಿನಿಂದ ಬರುವ ಸೋಂಕು ತಗಲಬಹುದು, ಅದರ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬರೀ "ಸ್ಯೂಡೊಮೊನಾಸ್" (ಬೇರೊಂದು ಬ್ಯಾಕ್ಟೀರಿಯಾ) ಎಂದೋ, ಕಂಟಾಮಿನೆಂಟ್ (ಹೊರಗಿನಿಂದ ಸೇರಿದ್ದು) ಎಂದೋ ಬದಿಗೆ ಸರಿಸಿಬಿಡುವ ಅಪಾಯವಿದೆ. ಹೊಸ ಬಾಟಲಿಗಳಲ್ಲಿ ಗ್ರಾಂ ನೆಗೆಟಿವ್ ಕಡ್ಡಿಗಳು ಕಂಡು, ಅವು ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗದೆ ಕೋ-ಅಮಾಕ್ಸಿಕ್ಲಾವ್ ಎಂಬುದಕ್ಕೆ ಬಗ್ಗಿದರೆ, ಮೆಲಿಯಾಯ್ಡೋಸಿಸ್ ಇರಬಹುದು, ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟ್ ಎಸೆಯದಂತೆ ಲ್ಯಾಬ್‌ಗೆ ಫೋನ್ ಮಾಡಿ ಹೇಳಿ.